ಹಗಲು ಹೊತ್ತಿನ ಚೆಂಬು

ಮೊದಲು ಬಂದದ್ದು ನೋವು. ಮರಗೆಣಸು ಕೀಳುತ್ತಿದ್ದೆ. ಬಲಪಕ್ಕೆಗೆ ಯಾರೋ ಕುಡುಗೋಲು ಹಾಕಿ ತಿರುವಿದ ಹಾಗಾಯಿತು. ಹೊಲದಲ್ಲೇ ಹೊರಳಾಡಿದೆ, ವಾಂತಿ ಮಾಡಿಕೊಂಡೆ. ಗಂಡ ಹರೂರಿನಲ್ಲಿ ಬಸ್ಸು ಹತ್ತಿಸಿ ಸೇಲಂಗೆ ಕರೆದುಕೊಂಡು ಹೋದರು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸ್ಕ್ಯಾನ್‌ನಲ್ಲಿ ಕಂಡಿತು. ಬಲ ಕಿಡ್ನಿಯಲ್ಲಿ ಕಲ್ಲು. ಆಮೇಲೆ ಡಾಕ್ಟರು ಎಡಗಡೆಯನ್ನು ಬಹಳ ಹೊತ್ತು ನೋಡಿದರು.

ಎಡಗಡೆಯದು ಹುಟ್ಟಿನಿಂದಲೇ ಬೆಳೆದಿರಲಿಲ್ಲ.

ಅಂದರೆ ನನಗಿರುವುದೇ ಒಂದು, ಅದರಲ್ಲೂ ಕಲ್ಲು. ಇದು ಯೂರಿಕ್ ಆಸಿಡ್ ಕಲ್ಲು, ಮೂತ್ರದ ಆಸಿಡ್ ತಗ್ಗಿಸಿದರೆ ಕರಗುವ ಜಾತಿಯದು ಎಂದರು ಡಾಕ್ಟರು. ಸಿಟ್ರೇಟ್ ಸಿರಪ್ ಬರೆದುಕೊಟ್ಟರು. ಜೊತೆಗೆ ಪಿಎಚ್ ಕಾಗದ. ಮೂತ್ರದಲ್ಲಿ ಅದ್ದಿದಾಗ ಹಳದಿ ಬಂದರೆ ಆಸಿಡ್ ಜಾಸ್ತಿ, ಹಸಿರು ಬರಬೇಕು, ಕಡುನೀಲಿಗೆ ಹೋದರೆ ಬಂದು ಕೇಳಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಬೇಕು. ಕರಗದಿದ್ದರೆ ಆಪರೇಷನ್. "ತಣ್ಣಿ ನಲ್ಲಾ ಕುಡಿಕ್ಕಣುಂ ಅಮ್ಮಾ" ಅಂದರು ತಮಿಳಿನಲ್ಲಿ, ನೀರು ಚೆನ್ನಾಗಿ ಕುಡಿಯಬೇಕು ಅಂತ.

ಎಷ್ಟು ಸುಲಭವಾಗಿ ಅಂದುಬಿಟ್ಟರು.

ನಮ್ಮೂರಿನಲ್ಲಿ ಹೆಂಗಸರು ಬೆಳಕು ಹರಿಯುವ ಮುಂಚೆ ಒಮ್ಮೆ ಕಳ್ಳಿಬೇಲಿಯ ಆಚೆ ಹೋಗಿಬರುತ್ತೇವೆ, ಕತ್ತಲಾದ ಮೇಲೆ ಇನ್ನೊಮ್ಮೆ. ನಡುವೆ ತಡೆದುಕೊಳ್ಳುವುದೇ ಮರ್ಯಾದೆ. ಮನೆಯ ಬಚ್ಚಲು ದೇವರ ಗೋಡೆಗೆ ಅಂಟಿಕೊಂಡಿದೆ, ಅಲ್ಲಿ ಕೂರುವಂತಿಲ್ಲ. ಹಾಗಾಗಿ ಹಗಲು ನೀರನ್ನೇ ಕುಡಿಯುವುದಿಲ್ಲ. ಬಿಸಿಲಿಗೆ ಗಂಟಲು ಒಣಗಿದರೆ ಬಾಯಿ ಮುಕ್ಕಳಿಸಿ ಉಗುಳುತ್ತೇವೆ. ತವರಿನಲ್ಲಿ ಅಮ್ಮ ಕಲಿಸಿದ್ದ ಈ ಪಾಠವನ್ನು ಇಲ್ಲಿ ಅತ್ತೆ ಕಾಯುತ್ತಿದ್ದರು.

ನಾನೂ ಮೊದಮೊದಲು ಸಿರಪ್ ಮಾತ್ರ ಕುಡಿದು, ಕತ್ತಲಲ್ಲೇ ಹೋಗಿಬಂದು, ದೀಪದ ಬೆಳಕಿಗೆ ಕಾಗದ ಹಿಡಿದು ನೋಡಿದೆ. ಹಳದಿ. ಮತ್ತೂ ಹಳದಿ.

ಒಂದು ಮಧ್ಯಾಹ್ನ ಪಕ್ಕೆ ಮತ್ತೆ ಹಿಡಿದುಕೊಂಡಿತು. ನನಗೆ ಭಯಕ್ಕಿಂತ ಸಿಟ್ಟು ಬಂತು. ಯಾರ ಮರ್ಯಾದೆಗೆ ನನ್ನ ಕಿಡ್ನಿ ಹೋಗಬೇಕು? ಗಟಗಟ ನೀರು ಕುಡಿದೆ. ಹೊಟ್ಟೆ ಬಿಗಿಯುವಷ್ಟು ಕುಡಿದೆ. ಸ್ವಲ್ಪ ಹೊತ್ತಿಗೆ ಚೆಂಬು ಹಿಡಿದು ಹೊಸಿಲು ದಾಟಿದೆ.

"ಲೇ, ಅಗಲೊತ್ತಲ್ಲಿ ಎಲ್ಲಿಗ್ ಒಂಟೆ? ನಾಕ್ ಜನ ಏನಂತಾರೆ?" ಅತ್ತೆ ಅಡ್ಡ ಬಂದರು.

"ನಾಕ್ ಜನಕ್ಕೂ ಎರಡೆರಡು ಕಿಡ್ನಿ ಐತೆ ಅತ್ತೆ. ನಂಗೊಂದೇ."

ದಾರಿಯಲ್ಲಿ ಟೀ ಅಂಗಡಿ. ಬೆಂಚಿನ ತುಂಬ ಗಂಡಸರು. ಚೆಂಬು ಕಂಡದ್ದೇ ಎಲ್ಲರೂ ನನ್ನ ಕಡೆ ತಿರುಗಿದರು. ವರಸೆಯಲ್ಲಿ ಮಾವನಾಗಬೇಕಾದ ಹಿರಿಯರೊಬ್ಬರು ಕೆಮ್ಮಿದರು. "ಏನಮ್ಮಾ, ಈ ಒತ್ತಲ್ಲಿ?"

"ಒಂದಕ್ಕೆ ಓಯ್ತಾ ಇವ್ನಿ ಮಾಮಾ. ಟೀ ಆರೋಗ್ತದೆ, ಕುಡೀರಿ."

ತಲೆ ತಗ್ಗಿಸದೆ ಬೇಲಿಯ ಕಡೆ ನಡೆದೆ. ಅವತ್ತೂ ಹಳದಿಯೇ ಬಂತು. ಮಾರನೆಯ ದಿನವೂ ಹೋದೆ, ಅದರ ಮಾರನೆಯ ದಿನವೂ ಹೋದೆ. ಹೊಲಕ್ಕೂ ನೀರಿನ ಕೊಡ ಹೊತ್ತುಕೊಂಡು ಹೋದೆ. ನಿಧಾನಕ್ಕೆ ಕಾಗದ ಹಸಿರಿಗೆ ತಿರುಗಿತು. ಬೇಲಿಯ ಹಿಂದೆ ಒಬ್ಬಳೇ ಕೂತು ನಕ್ಕೆ.

ಊರು ಸುಮ್ಮನಿರುತ್ತದೆಯೇ? "ಕಟ್ಕಂಡ ಪೊಂಡಾಟೀನ ಅದ್ದುಬಸ್ತಲ್ಲಿ ಇಟ್ಕಳಕ್ಕಾಗಲ್ವಾ" ಎಂದು ಗಂಡನನ್ನು ಕೇಳಿದರಂತೆ. ಅವರು ಬಂದು ನನ್ನ ಮೇಲೆ ರೇಗಿದರು.

"ಆಪರೇಷನ್ ಟೇಬಲ್ ಮೇಲೆ ಊರು ಮಲಗಲ್ಲ. ನಾನ್ ಮಲಗ್ಬೇಕು" ಅಂದೆ.

ಆಮೇಲೆ ಅವರೇ ಸಿರಪ್ ಬಾಟಲಿ ಖಾಲಿಯಾಗುವ ಮುಂಚೆಯೇ, ನಾನು ಕೇಳದೆ, ಇನ್ನೊಂದು ತಂದಿಟ್ಟರು.

ಮತ್ತೆ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕರಗಿ ತೀರಾ ಸಣ್ಣದಾಗಿತ್ತು. ಆಪರೇಷನ್ ಬೇಡ, ಸಿರಪ್ ಬಿಡಬೇಡಿ ಎಂದರು ಡಾಕ್ಟರು. ಕಲ್ಲು ಮತ್ತೆ ಕಟ್ಟಲೂಬಹುದು ಎಂದರು. ಕಟ್ಟಲಿ, ನಾನೂ ಕುಡಿಯುತ್ತೇನೆ. ಗೆದ್ದೆ ಅಂತ ಹೇಳುವುದಿಲ್ಲ. ಊರಿನವರು ಇನ್ನೂ ಆಡಿಕೊಳ್ಳುತ್ತಾರೆ. ಆದರೆ ಕಿಡ್ನಿ ಉಳಿದಿದೆ, ಅಷ್ಟು ಸಾಕು.

ಮೊನ್ನೆ ಮಧ್ಯಾಹ್ನ ಹೊರಡುವಾಗ ಅತ್ತೆ ಒಳಗಿನಿಂದ ಬಂದರು. ತಲೆ ಮೇಲೆ ಸೆರಗು ಎಳೆದುಕೊಂಡಿದ್ದರು. ನನ್ನ ಮುಖ ನೋಡಲಿಲ್ಲ.

"ಇರು, ನಾನೂ ಬತ್ತೀನಿ" ಅಂದರು. "ಈ ಮನೆಗ್ ಬಂದಾಗಿಂದ ತಡ್ಕಂಡಿವ್ನಿ."