ಮೇಷ್ಟ್ರ ಬಲಗೈ

ಮೊನ್ನೆ ಮಗಳಿಗೆ ನೆಗಡಿಯಾಗಿ ಎದೆ ಕಟ್ಟಿಕೊಂಡಿತ್ತು. ಹೆಂಡತಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಒಲೆಯ ಮೇಲಿಟ್ಟಳು. ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಮನೆಯೊಳಗೆಲ್ಲ ಆ ವಾಸನೆ ಹರಡಿದ್ದೇ ತಡ, ನಾನು ಎದ್ದು ಗರಾಜಿಗೆ ಹೋಗಿ ನಿಂತೆ. "ಏನಾಯ್ತ್ರೀ?" ಎಂದಳು. "ಏನಿಲ್ಲ, ವಾಸನೆ ಆಗಲ್ಲ" ಎಂದೆ. ಮದುವೆಯಾಗಿ ಇಷ್ಟು ವರ್ಷವಾದರೂ ಇದೊಂದನ್ನು ಅವಳಿಗೆ ಹೇಳಿಲ್ಲ...

ತೊಂಬತ್ತರ ದಶಕದ ಕೊನೆ. ವೀಸಾ ಮಾಡಿಸಿ ಕರೆಸಿಕೊಂಡ ಕಂಪನಿ ನಮ್ಮ ನಾಲ್ವರನ್ನು ಇಲ್ಲೇ ಪಕ್ಕದ ಷಾರ್ಲೆಟ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಇಟ್ಟಿತ್ತು. ಎರಡು ಸಾವಿರನೇ ಇಸವಿ ಬಂದರೆ ಬ್ಯಾಂಕುಗಳ ಹಳೆಯ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ಗಾಬರಿಯ ಕಾಲ. ಆ ಕಂಪ್ಯೂಟರುಗಳ ಹಳೆಯ ಭಾಷೆ ಕೋಬಾಲ್ ಬಲ್ಲವರಿಗೆ ಬೇಡಿಕೆಯಿತ್ತು. ನಾವು ಮೂವರು ಹುಡುಗರು. ನಾಲ್ಕನೆಯವರು ನಲವತ್ತು ದಾಟಿದವರು, ಮಂಡ್ಯದ ಕಡೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವರು. ನಮಗೆಲ್ಲ ಅವರು ಮೇಷ್ಟ್ರು. ಮೂರು ಹೊತ್ತೂ ಅವರೇ ಅಡುಗೆ ಮಾಡಿ, ಕೂರಿಸಿ ಬಡಿಸುತ್ತಿದ್ದರು. ನಾವು ಹೊಟ್ಟೆ ತುಂಬಾ ತಿಂದು, ಕೈ ತೊಳೆಯುವ ಮೊದಲೇ ಅವರ ಇಂಗ್ಲಿಷನ್ನು ಅಣಕಿಸುತ್ತಿದ್ದೆವು. ಅವರೂ ನಗುತ್ತಿದ್ದರು.

ಉಳಿದಿಬ್ಬರಿಗೆ ಆಗಲೇ ಬ್ಯಾಂಕುಗಳಲ್ಲಿ ಪ್ರಾಜೆಕ್ಟ್, ಅಂದರೆ ಕೆಲಸ, ಸಿಕ್ಕಿತ್ತು. ಮೇಷ್ಟ್ರಿಗೂ ನನಗೂ ಸಿಕ್ಕಿರಲಿಲ್ಲ. ಆ ತಿಂಗಳೊಳಗೆ ಪ್ರಾಜೆಕ್ಟ್ ಸಿಗದಿದ್ದರೆ ಇಬ್ಬರನ್ನೂ ಊರಿಗೆ ವಾಪಸ್ ಕಳಿಸುತ್ತೇವೆಂದು ಮ್ಯಾನೇಜರ್ ಹೇಳಿಯಾಗಿತ್ತು. ಒಂದೇ ಬ್ಯಾಂಕಿನ ಇಂಟರ್‌ವ್ಯೂಗೆ ಇಬ್ಬರೂ ಹೋದೆವು. ನನ್ನ ಇಂಗ್ಲಿಷ್ ಪಟಪಟ, ಅವರದು ತಡವರಿಕೆ. ಆದರೆ ಬ್ಯಾಂಕಿನವರು ಆರಿಸಿದ್ದು ಅವರನ್ನು. ಸೋಮವಾರ ಸೇರಬೇಕು. ಅವರು ಬರದಿದ್ದರೆ ಆಮೇಲೆ ನಾನು.

ಆಮೇಲೆ ನಾನು... ಈ ಮಾತು ತಲೆಯೊಳಗೆ ಹೊಕ್ಕಿತು. ಹೊಟ್ಟೆಕಿಚ್ಚು ಎನ್ನುವುದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಪ್ರಾಜೆಕ್ಟ್ ಸಿಕ್ಕವರು ಟ್ರೀಟ್ ಕೊಡಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಮೇಷ್ಟ್ರು ಹೋಳಿಗೆ ಮಾಡುತ್ತೇನೆಂದರು. ಬೂನ್ ಊರಿನ ಕಡೆಯ ಬೆಟ್ಟಕ್ಕೆ, ಹಿಮದ ಮೇಲೆ ಜಾರುವ ಸ್ನೋಬೋರ್ಡಿಂಗ್‌ಗೆ ಹೋಗಲೇಬೇಕೆಂದು ಹಟ ಹಿಡಿದವನು ನಾನು. "ನನಗ್ಯಾಕಪ್ಪಾ ಈ ವಯಸ್ಸಲ್ಲಿ" ಎನ್ನುತ್ತಲೇ ಶುಕ್ರವಾರ ಚಪಾತಿ ಲಟ್ಟಿಸಿ, ಚಟ್ನಿಪುಡಿ ಕಟ್ಟಿಕೊಂಡು, ಜೀನ್ಸು ಮಂಕಿ ಕ್ಯಾಪು ಹಾಕಿಕೊಂಡು ಕಾರು ಹತ್ತಿದರು.

ಶನಿವಾರ ಮಧ್ಯಾಹ್ನದವರೆಗೆ ಮಕ್ಕಳಾಡುವ ಇಳಿಜಾರಿನಲ್ಲಿ, ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು, ಬಿದ್ದು ಎದ್ದು ಕಲಿತರು. ಖುಷಿಯಾಗಿದ್ದರು. ಆಮೇಲೆ ನಾನು ಅವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಬೇರೆ ಲಿಫ್ಟಿಗೆ ಕರೆದುಕೊಂಡು ಹೋದೆ.

"ಇಲ್ಲೇನೋ ಕಪ್ಪು ಗುರುತಿದೆಯಲ್ಲಪ್ಪಾ, ಅಲ್ಲಿ ಹಸಿರಿತ್ತು" ಎಂದರು, ಮೇಲೆ ಹೋಗಿ ಲಿಫ್ಟ್ ಇಳಿದಾಗ.

"ಕಪ್ಪು ಅಂದ್ರೆ ಇನ್ನೂ ಈಸಿ ಮೇಷ್ಟ್ರೇ. ಹೋಗಿ, ನಾನು ಹಿಂದೇನೇ ಬರ್ತೀನಿ."

ಕಪ್ಪು ಎಂದರೆ ಪಳಗಿದವರ ಕಡಿದಾದ ದಾರಿ ಎಂದು ನನಗೆ ಗೊತ್ತಿತ್ತು. ಬಿದ್ದು ಹೊರಳಾಡಲಿ, ಸ್ವಲ್ಪ ಸೊಕ್ಕು ಇಳಿಯಲಿ, ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸೊಕ್ಕು ಆ ಮನುಷ್ಯನಿಗೆ ಎಲ್ಲಿತ್ತು? ಹತ್ತು ಮಾರು ಹೋಗಿರಲಿಲ್ಲ, ಬಲಗೈ ಊರಿಕೊಂಡು ಬಿದ್ದರು.

ಕೆಂಪು ಜಾಕೆಟ್ಟಿನ ರಕ್ಷಣಾ ಸಿಬ್ಬಂದಿಯೊಬ್ಬ ಬಂದು ನೋಡಿ, ಎಕ್ಸ್‌ರೇ ಆಗಬೇಕು ಎಂದ. ಮೇಷ್ಟ್ರು ಇಂಗ್ಲಿಷಿನ ಪದ ಹುಡುಕುತ್ತಿದ್ದಾಗಲೇ ನಾನು ಉತ್ತರ ಕೊಟ್ಟೆ: ಏನಿಲ್ಲ, ಉಳುಕಿದೆ ಅಷ್ಟೆ. ಬಾಡಿಗೆಯ ಕ್ಯಾಬಿನ್ನಿಗೆ ಬಂದ ಮೇಲೆ, "ನಮ್ಮಜ್ಜಿ ಊರಿಗೆಲ್ಲ ಉಳುಕು ತೆಗೀತಿದ್ರು ಮೇಷ್ಟ್ರೇ, ನಂಗೂ ಬರತ್ತೆ" ಎಂದೆ. ಅಜ್ಜಿ ತೆಗೆಯುತ್ತಿದ್ದದ್ದು ನಿಜ. ನಾನು ನೋಡಿದ್ದೆ ಅಷ್ಟೆ. ಅವರೇ ತಂದಿದ್ದ ಕೊಬ್ಬರಿ ಎಣ್ಣೆಗೆ, ಅವರೇ ಪೂಜೆಗೆಂದು ಬ್ಯಾಗಿನಲ್ಲಿಟ್ಟುಕೊಂಡಿದ್ದ ಕರ್ಪೂರ ಹಾಕಿ ಬಿಸಿ ಮಾಡಿ, ಮಣಿಕಟ್ಟು ನೀವಿ, ಹೆಬ್ಬೆರಳು ಹಿಡಿದು ಎಳೆದೆ. ಒಳಗೆ ಏನೋ ಸರಿದದ್ದು ನನ್ನ ಬೆರಳಿಗೇ ತಿಳಿಯಿತು. ಅವರು ಹಲ್ಲು ಕಚ್ಚಿ "ಅವ್ವಾ" ಎಂದರು.

"ಸೋಮವಾರ ಟೈಪ್ ಮಾಡಕ್ಕಾಗುತ್ತೇನಪ್ಪಾ?"

"ಆಗತ್ತೆ ಬಿಡಿ."

ಭಾನುವಾರ ನಾವು ಮೂವರು ಮತ್ತೆ ಬೆಟ್ಟಕ್ಕೆ ಹೋದೆವು. ಹಸಿದು ಬಂದಾಗ ಅವರು ಒಂದೇ ಕೈಯಲ್ಲಿ ಚಿತ್ರಾನ್ನ ಕಲಸಿಟ್ಟಿದ್ದರು. ಉಂಡೆವು. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ, ನಾನು ಉಣ್ಣುತ್ತಲೇ ಬಗೆದವನು.

ಆ ರಾತ್ರಿಯೇ ಷಾರ್ಲೆಟ್‌ಗೆ ವಾಪಸಾದೆವು. ಸೋಮವಾರ ಬೆಳಿಗ್ಗೆ ಅವರ ಕೈ ಬದನೆಕಾಯಿಯ ಹಾಗೆ ಊದಿ ಕಪ್ಪಾಗಿತ್ತು. ಆದರೂ ಇಸ್ತ್ರಿ ಮಾಡಿದ ಷರ್ಟನ್ನು ಕುರ್ಚಿಗೆ ಹಾಕಿ, ಬಾತ್‌ರೂಮಿನಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದರು. ಫೋನ್ ಬಂತು. ಮ್ಯಾನೇಜರ್, ಮೇಷ್ಟ್ರು ಹೊರಟರಾ ಎಂದು ಕೇಳಿದ. ನಾನು ಹೇಳಿದೆ: "ಅವರ ಕೈ ಮುರಿದಿದೆ. ಆರು ವಾರ ಬೇಕಾಗುತ್ತೆ. ನಾನು ಇವತ್ತೇ ಸೇರ್ತೀನಿ."

ಎರಡು ದಿನದಿಂದ ಎಲ್ಲರಿಗೂ ಉಳುಕು ಉಳುಕು ಎಂದವನ ಬಾಯಲ್ಲಿ ಮುರಿದಿದೆ ಎಂಬ ಮಾತು ಬಂದದ್ದು ಅದೇ ಮೊದಲು. ಆ ಬೆಳಿಗ್ಗೆಯೇ ಕೆಲಸಕ್ಕೆ ಸೇರಿದೆ.

ಸಂಜೆ ಉಳಿದಿಬ್ಬರು ಅವರನ್ನು ಕ್ಲಿನಿಕ್ಕಿಗೆ ಕರೆದೊಯ್ದರು. ಮೂಳೆ ಎರಡು ಕಡೆ ಮುರಿದಿತ್ತು. ಯಾರೋ ಎಳೆದಿದ್ದಾರೆ, ಜಾಗ ಬಿಟ್ಟು ಸರಿದಿದೆ ಎಂದರಂತೆ ಡಾಕ್ಟರು. ಕಂಪನಿ ಹದಿನೈದು ದಿನ ಬಿಟ್ಟು ಊರಿಗೆ ಹೊರಡುವ ಟಿಕೆಟ್ ಕೊಟ್ಟಿತು. ಆ ಹದಿನೈದು ದಿನವೂ ಬ್ಯಾಂಕಿನಲ್ಲಿ ನನಗೆ ತಿಳಿಯದ್ದನ್ನೆಲ್ಲ ಬರೆದುಕೊಂಡು ಬಂದು ಅವರನ್ನೇ ಕೇಳಿದೆ. ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಹೇಳಿಕೊಟ್ಟರು. ಅವರಷ್ಟು ಚೆನ್ನಾಗಿ ನನಗೆ ಯಾರೂ ಪಾಠ ಹೇಳಿಲ್ಲ. ಇವತ್ತು ನಾನು ಉಣ್ಣುವ ಅನ್ನ ಆ ಹದಿನೈದು ಸಂಜೆಯದು.

ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ. ಒಳಗೆ ಹೋಗುವ ಮುನ್ನ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ಬಾತ್‌ರೂಮಿಗೆ ಎಲ್ಲಾ ಕೇಳಿಸ್ತಿತ್ತು ಕಣಪ್ಪ."

ಆಮೇಲೆ ನಾನು ಒಂದು ಕಾಗದವನ್ನೂ ಬರೆಯಲಿಲ್ಲ, ಫೋನ್ ಮಾಡಲಿಲ್ಲ. ಧೈರ್ಯ ಬರಲಿಲ್ಲ...

ಮಗಳು ಹುಷಾರಾದ ಮೇಲೆ, ಈ ಶನಿವಾರ, ಷಾರ್ಲೆಟ್‌ನ ಬ್ಯಾಲಂಟೈನ್ ಬಡಾವಣೆಯಲ್ಲಿ ಒಂದು ಮಗುವಿನ ಹುಟ್ಟುಹಬ್ಬ. ಹೊಸದಾಗಿ ಬಂದ ಹುಡುಗನೊಬ್ಬ ತಾನು ಮಂಡ್ಯದ ಕಡೆಯವನೆಂದು ಮಾತಿಗೆ ನಿಂತ.

"ಪಾಲಿಟೆಕ್ನಿಕ್‌ನಲ್ಲಿ ನಮಗೊಬ್ರು ಮೇಷ್ಟ್ರಿದ್ರು ಅಂಕಲ್, ಎಡಗೈಲಿ ಬೋರ್ಡ್ ಮೇಲೆ ಬರೀತಿದ್ರು. ಬಲಗೈಗೆ ಏನಾಯ್ತು ಸಾರ್ ಅಂದ್ರೆ, ಅಮೆರಿಕದಲ್ಲಿ ಜಾರಿಬಿದ್ದೆ, ತಪ್ಪು ನಂದೇ ಅನ್ನೋರು. ಹೋದ ವರ್ಷ ತೀರ್ಕೊಂಡ್ರು. ಷಾರ್ಲೆಟ್‌ನಲ್ಲೇ ಇದ್ರಂತೆ ಸ್ವಲ್ಪ ದಿನ. ನೀವು ಆಗಿನಿಂದ ಇಲ್ಲೇ ಇದ್ದೀರಲ್ಲ, ಗೊತ್ತಿತ್ತಾ ನಿಮಗೆ?"

"ಇಲ್ಲಪ್ಪಾ, ನಂಗೊತ್ತಿಲ್ಲ" ಎಂದೆ. ತಟ್ಟೆ ತೆಗೆದುಕೊಂಡು ಊಟದ ಸಾಲಿಗೆ ಹೋಗಿ ನಿಂತೆ.