ಯಾರ್ಕ್‌ನಲ್ಲಿ ದೊಡ್ಡಮ್ಮನ ಚಪ್ಪಲಿ

ಬರ್ಮಿಂಗ್‌ಹ್ಯಾಮ್ ಪಕ್ಕದ ಸಟನ್ ಕೋಲ್ಡ್‌ಫೀಲ್ಡ್‌ನ ನಮ್ಮ ಮನೆ ಬಿಟ್ಟ ಮೂರನೆಯ ದಿನ ಯಾರ್ಕ್ ಮುಟ್ಟಿದೆವು. ಕಾರಿನಲ್ಲಾದರೆ ಎರಡೂವರೆ ಗಂಟೆಯ ದಾರಿ. ಆದರೆ ಮೈಸೂರಿನಿಂದ ಬಂದಿದ್ದ ದೊಡ್ಡಮ್ಮ, "ಕಾರಲ್ಲಿ ಓಡ್ತಾ ಊರು ನೋಡಿ ಏನು ಬಂತು? ನಿಧಾನಕ್ಕೆ ಹೋಗೋಣ" ಎಂದಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲೆಂಡಿನ ರಾಜರ ಪಟ್ಟಿ ಬಾಯಿಪಾಠ ಮಾಡಿಸಿದವರು. ಅವರ ಮಾತು ಮೀರಲುಂಟೇ? ಸಿಕ್ಕ ಸ್ಟೇಷನ್ನಿನಲ್ಲೆಲ್ಲ ನಿಲ್ಲುವ ರೈಲು ಹಿಡಿದು ಲಿಚ್‌ಫೀಲ್ಡ್, ಮ್ಯಾಂಚೆಸ್ಟರ್ ನೋಡಿ, ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ಗೆಳತಿಯ ಮನೆಯಲ್ಲಿ ಉಳಿದೆವು. ಲೀಡ್ಸ್‌ನಿಂದ ಯಾರ್ಕ್‌ಗೆ ಡಬಲ್ ಡೆಕ್ಕರ್ ಬಸ್ಸು, ತಲೆಗೆ ಮೂರು ಪೌಂಡ್. ಮಹಡಿಯ ಮುಂದಿನ ಸೀಟಿನಲ್ಲಿ ಕೂತು ಪುಳಿಯೋಗರೆ ತಿಂದೆವು. ಹೊರಗೆ ಜಿಟಿಜಿಟಿ ಮಳೆ.

ಕೋಟೆಗೋಡೆಯ ಮೇಲೆ ಸ್ವಲ್ಪ ದೂರ ನಡೆದು ಹಳೆಯ ಚರ್ಚೊಂದಕ್ಕೆ ಹೋದೆವು. ಬಣ್ಣದ ಗಾಜಿನ ಕಿಟಕಿಗಳ ಫೋಟೋ ತೆಗೆಯುವ ಆತುರಕ್ಕೆ ನಾನು ಮುಂದೆ ಹೋದೆ. ದೊಡ್ಡಮ್ಮ ಹಿಂದಿನಿಂದ ಬಂದು ಕಂಬದ ಪಕ್ಕ ಕಣ್ಣು ಮುಚ್ಚಿ ಕೈಮುಗಿದು ನಿಂತರು. ಐದು ನಿಮಿಷ ಆಗಿರಲಿಲ್ಲ, ಹಳದಿ ಜಾಕೆಟ್ಟಿನ ಕಾವಲಿನವರು ಓಡಿಬಂದು, ಎಲ್ಲರೂ ಹಿಂಬಾಗಿಲಿನಿಂದ ಕೂಡಲೇ ಹೊರಡಿ ಎಂದರು. ಹೊರಗೆ ಬಂದರೆ ರಸ್ತೆಗೆ ಅಡ್ಡ ಟೇಪು, ಎರಡು ಪೊಲೀಸ್ ವ್ಯಾನು. ಮುಂಬಾಗಿಲಲ್ಲಿ ಯಾರೋ ಚೀಲ ಬಿಟ್ಟುಹೋಗಿದ್ದಾರಂತೆ.

"ಬಾಂಬ್ ಇರಬಹುದು ದೊಡ್ಡಮ್ಮ, ಬೇಗ ನಡೀರಿ" ಎಂದು ಕೈ ಹಿಡಿದೆಳೆದೆ. ಅವರು ಕದಲಲಿಲ್ಲ. ನೋಡಿದರೆ ಬರಿಗಾಲು.

"ಚಪ್ಪಲಿ ಎಲ್ಲಿ?"

"ಬಾಗಿಲ ಹತ್ರ. ಮಳೇಲಿ ನೆನೆಯುತ್ತಲ್ಲ ಅಂತ ಚೀಲಕ್ಕೆ ಹಾಕಿಟ್ಟೆ."

ಹಿಡಿದ ಕೈ ಬಿಟ್ಟು ಟೇಪಿನ ಕಡೆ ತಿರುಗಿದೆ. "ಪರ್ಸು?"

"ಅದೂ ಅದರಲ್ಲೇ. ಚರ್ಮದ್ದಲ್ವೇನೇ, ದೇವರ ಮುಂದೆ ಹೇಗೆ ತರೋದು?"

ಪರ್ಸಿನಲ್ಲಿ ಅವರ ಪಾಸ್‌ಪೋರ್ಟ್ ಇತ್ತು. ನಾಳಿದ್ದು ಬರ್ಮಿಂಗ್‌ಹ್ಯಾಮ್‌ನಿಂದ ವಿಮಾನ. ಆ ವಾರವೇ ಮೈಸೂರಿನಲ್ಲಿ ಅವರ ಮಗಳ ಹೆರಿಗೆ. ಇಂಥ ಚೀಲಗಳನ್ನು ಪೊಲೀಸರೇ ಸಿಡಿಸಿಬಿಡುತ್ತಾರೆಂದು ಕೇಳಿದ್ದೆ. ತಕ್ಷಣ ಹೋಗಿ ಹೇಳಬೇಕು. ಆದರೆ ಕೈಕೂಸುಗಳನ್ನು ಎತ್ತಿಕೊಂಡು ಮಳೆಯಲ್ಲಿ ನಿಂತಿದ್ದ ಅಷ್ಟೂ ಜನರನ್ನು ಕಂಡು ನನ್ನ ನಾಲಗೆಯೇ ಏಳಲಿಲ್ಲ. ಹನ್ನೆರಡು ವರ್ಷ ಈ ದೇಶದಲ್ಲಿ ತಲೆಯೆತ್ತಿ ಬದುಕಿದವಳು, ಮಾನ ಹೋದೀತೆಂದು ಬಾಯಿ ಮುಚ್ಚಿಕೊಂಡು ನಿಂತೆ. ಬಾಂಬಿನ ಮಾತಿಗಿಂತ ನನ್ನ ಈ ಹೇಡಿತನವೇ ನನ್ನನ್ನು ದಂಗುಬಡಿಸಿತು.

ದೊಡ್ಡಮ್ಮನೇ ನೀರು ತುಳಿಯುತ್ತಾ ಟೇಪಿನವರೆಗೆ ನಡೆದರು. ಅಲ್ಲಿದ್ದ ಪೊಲೀಸ್ ಹೆಣ್ಣುಮಗಳಿಗೆ, ಚೀಲ ತಮ್ಮದೆಂದೂ ಅದರಲ್ಲಿ ಕಂದು ಚಪ್ಪಲಿ, ಪರ್ಸು, ಪಾಸ್‌ಪೋರ್ಟ್ ಇವೆಯೆಂದೂ ಕ್ಲಾಸಿನಲ್ಲಿ ಪಾಠ ಹೇಳುವ ಇಂಗ್ಲಿಷಿನಲ್ಲಿ ವಿವರಿಸಿದರು. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುತ್ತಾರೆಯೇ ಎಂದೂ ಕೇಳಿದರು. ಆಕೆ ಇವರ ಬರಿಗಾಲು ನೋಡಿದಳು, ತನ್ನ ಬೂಟು ನೋಡಿಕೊಂಡಳು, ಆಮೇಲೆ ವೈರ್‌ಲೆಸ್ಸಿನಲ್ಲಿ ಮಾತಾಡಿದಳು.

ಅರ್ಧ ಗಂಟೆಯ ಮೇಲೆ ಚೀಲ ಕೈಗೆ ಬಂತು. ಇನ್ನೆಲ್ಲೂ ಹೀಗೆ ಬಿಡಬೇಡಿ ಎಂದು ಎಚ್ಚರಿಸಿ ಟೇಪು ಬಿಚ್ಚಿದರು. ನಾನು ಯಾರ ಮುಖವನ್ನೂ ನೋಡದೆ ಬಸ್‌ಸ್ಟಾಪಿನ ದಾರಿ ಹಿಡಿದೆ. ದೊಡ್ಡಮ್ಮ ಮತ್ತೆ ಚರ್ಚಿನ ಕಡೆ ಹೊರಟಿದ್ದರು.

"ಮತ್ತೆಲ್ಲಿಗೆ?"

"ಹೆರಿಗೆ ಸುಸೂತ್ರ ಆಗ್ಲಿ ಅಂತ ಕೇಳ್ಕೊಳ್ತಿದ್ದೆ. ಅರ್ಧಕ್ಕೇ ಎಬ್ಬಿಸಿದ್ರಲ್ಲ!"

ಬಾಗಿಲಲ್ಲಿ ಮತ್ತೆ ಚಪ್ಪಲಿ ಕಳಚಿದರು. ಪರ್ಸಿನ ಜೊತೆ ಚೀಲಕ್ಕೆ ಹಾಕಿದರು. ಪೊಲೀಸ್ ಹೆಣ್ಣುಮಗಳು ಇತ್ತಲೇ ನೋಡುತ್ತಿದ್ದಳು. ದೊಡ್ಡಮ್ಮ ಚೀಲವನ್ನು ನನ್ನ ಕೈಗಿತ್ತರು.

"ನೆಲಕ್ಕೆ ಮಾತ್ರ ಇಡ್ಬೇಡ ಕಣೇ."

ಅವರು ಹೊರಗೆ ಬರುವವರೆಗೂ ಆ ಚೀಲವನ್ನು ಎದೆಗವಚಿಕೊಂಡು, ಮಳೆಯಲ್ಲಿ ಚಪ್ಪಲಿ ಕಾಯುತ್ತಾ ನಿಂತಿದ್ದೆ.