ನೊರೆ ಇಳಿದ ಮೇಲೆ

ಮರಿಯಯ್ಯನವರಿಗೆ ಈಗ ಅರವತ್ತೊಂದು ವರ್ಷ. ಅದರಲ್ಲಿ ನಲವತ್ತೇಳು ವರ್ಷ ಅವರು ಕೊಪ್ಪರಿಗೆಯ ಮುಂದೆ ನಿಂತಿದ್ದಾರೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲಿರುವ ಒಂದು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವುದು ಅವರ ಕೆಲಸ. ಕಬ್ಬು ಅರೆಯುವುದಕ್ಕೆ, ಒಲೆಗೆ ಕಬ್ಬಿನ ಒಣಸಿಪ್ಪೆ ತುಂಬುವುದಕ್ಕೆ, ಅಚ್ಚಿಗೆ ಹುಯ್ಯುವುದಕ್ಕೆ ಬೇರೆ ಆಳುಗಳಿದ್ದಾರೆ. ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲವಾಗುತ್ತದೆ ಎಂದು ಹೇಳುವವರು ಮಾತ್ರ ಇವರೊಬ್ಬರೇ. "ಉರಿ ತಗೀ!" ಎಂದು ಅವರು ಕೂಗಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಒಲೆಯ ಮುಂದಿರುವವನು ಉರಿಯುವ ಸಿಪ್ಪೆಯನ್ನು ಹಿಂದಕ್ಕೆ ಎಳೆಯುತ್ತಾನೆ, ಉಳಿದವರು ಕೊಪ್ಪರಿಗೆಯ ಕಡೆ ಓಡುತ್ತಾರೆ.

ನನಗೂ ಆ ಕೂಗು ಗೊತ್ತು. ನಮ್ಮ ಊರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆ. ಅಪ್ಪ ಇಂಥದೇ ಒಂದು ಆಲೆಮನೆಯಲ್ಲಿ ಒಲೆಗೆ ಸಿಪ್ಪೆ ಹಾಕುತ್ತಿದ್ದರು. ರಜೆಯಲ್ಲಿ ನಾನೂ ಅವರ ಕೈಗೆ ಸಿಪ್ಪೆ ಎಳೆದುಕೊಟ್ಟವಳೇ. ಈಗ ಮಂಡ್ಯದ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಮರಿಯಯ್ಯನವರನ್ನು ನಾನು ಮೊದಲು ನೋಡಿದ್ದು ಅಲ್ಲಿ, ಹೋದ ಆಷಾಢದಲ್ಲಿ.

ಅವರ ಲಿವರಿನಲ್ಲಿ ಒಂದು ಗೆಡ್ಡೆ ಇತ್ತು. ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರ. ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಹಳೆಯ ಕಾಮಾಲೆಯ ವೈರಸ್ಸು ವರ್ಷಗಟ್ಟಲೆ ಒಳಗೇ ಕೂತು ಲಿವರನ್ನು ಗಟ್ಟಿ ಮಾಡಿಬಿಟ್ಟಿತ್ತು. ಕೊಯ್ದು ತೆಗೆದರೆ ಉಳಿದ ಭಾಗ ತಾಳುವುದಿಲ್ಲ. ಹಾಗಾಗಿ ಡಾಕ್ಟರು ಬೇರೆ ದಾರಿ ಹಿಡಿದಿದ್ದರು. ಪಕ್ಕೆಯಿಂದ ಒಂದು ಉದ್ದನೆಯ ಸೂಜಿಯನ್ನು ಗೆಡ್ಡೆಯ ನಡುವಿಗೆ ಇಳಿಸಿ, ಅದರ ತುದಿಯನ್ನು ಕಾಯಿಸಿ, ಗೆಡ್ಡೆಯನ್ನು ಇದ್ದ ಜಾಗದಲ್ಲೇ ಬೇಯಿಸಿಬಿಡುವುದು.

"ಬೇಯ್ಸಾದಾ?" ಎಂದರು ಅವರ ಹೆಂಡತಿ ಇಂದ್ರಮ್ಮ. "ಗೆಡ್ಡೆ ಬೇಯ್ಸಕೆ ಅದೇನ್ ಗೆಣಸಾ, ಡಾಕ್ಟ್ರವ್ವ?"

ಡಾಕ್ಟರ್ ಮಿಸ್ಬಾ ನಕ್ಕರು. ಮದ್ದೂರು ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವರ ಮಗಳು ಅವರು. ತಿಂಗಳಿಗೆ ಎರಡು ಗುರುವಾರ ಮೈಸೂರಿನಿಂದ ನಮ್ಮಲ್ಲಿಗೆ ಬಂದು ಈ ಚಿಕಿತ್ಸೆ ಮಾಡುತ್ತಾರೆ. "ಗೆಣಸೇ ಅನ್ಕೊಳಮ್ಮ. ಪೂರ್ತಿ ಬೇಯ್ಬೇಕು, ಅಷ್ಟೇ. ಸುತ್ತ ಒಂದು ಎಳೆ ಹಸಿ ಉಳಿದ್ರೂ ಅದು ಮತ್ತೆ ಬೆಳೀತದೆ. ಪೂರ್ತಿ ಬೆಂದ್ರೆ ಯಜಮಾನ್ರು ಇನ್ನೂ ಎಷ್ಟೋ ಸುಗ್ಗಿ ನೋಡ್ತಾರೆ."

"ಊರ್ನೋರೆಲ್ಲ ನಾನು ಕುಡ್ದು ಕುಡ್ದು ಇಂಗಾದೆ ಅಂತಾವ್ರೆ," ಎಂದರು ಮರಿಯಯ್ಯನವರು. ಅವರಿಗೆ ಕ್ಯಾನ್ಸರಿಗಿಂತ ಈ ಮಾತೇ ಹೆಚ್ಚು ಚುಚ್ಚಿದಂತಿತ್ತು. "ಒಂದ್ ತೊಟ್ಟು ಬಾಯ್ಗ್ ಇಟ್ಟೋನಲ್ಲ ನಾನು. ಕುಡ್ದೋನ್ ಕಣ್ಗೆ ಪಾಕ ಕಾಣಕಿಲ್ಲ."

"ಇದು ವೈರಸ್ಸಿಂದ ಬಂದಿದ್ದು, ಕುಡಿತದಿಂದ ಅಲ್ಲ. ಬೇಕಾದ್ರೆ ಬರ್ದು ಕೊಡ್ತೀನಿ."

"ಬರ್ಕೊಡಿ ತಾಯಿ," ಎಂದರು ಇಂದ್ರಮ್ಮ ತಕ್ಷಣ. "ಆಲೆಮನೆ ಬಾಗ್ಲಿಗೆ ಅಂಟಿಸ್ತೀನಿ."

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅವರನ್ನು ಎಡಮಗ್ಗುಲಾಗಿ ಮಲಗಿಸಿದೆವು. ಪಕ್ಕೆಗೆ ಮರಗಟ್ಟಿಸುವ ಇಂಜೆಕ್ಷನ್, ಮಂಪರಿಗೆ ಸ್ವಲ್ಪ ಔಷಧ. ಅವರ ಲಿವರಿಗೆ ಹೆಚ್ಚು ಮಂಪರು ಕೊಡುವಂತಿರಲಿಲ್ಲ. ಅಲ್ಲದೆ ಡಾಕ್ಟರು ಹೇಳಿದಾಗ ಅವರು ಉಸಿರು ಬಿಗಿ ಹಿಡಿಯಬೇಕಿತ್ತು, ಏಕೆಂದರೆ ಉಸಿರಾಡಿದಷ್ಟು ಸಲವೂ ಲಿವರು ಮೇಲೆ ಕೆಳಗೆ ಜಾರುತ್ತದೆ. ಸೂಜಿಯನ್ನು ಕಾಯಿಸುವ ಯಂತ್ರದ ಪಕ್ಕ ನಾನು ನಿಂತಿದ್ದೆ. ಡಾಕ್ಟರು ಹೇಳಿದಾಗ ಗುಂಡಿ ಒತ್ತುವುದು, ಹೇಳಿದಾಗ ಆರಿಸುವುದು ನನ್ನ ಪಾಲಿನ ಕೆಲಸ.

ಅಲ್ಟ್ರಾಸೌಂಡ್ ಪರದೆ ಅವರ ಕಣ್ಣಿಗೂ ಕಾಣುವಂತಿತ್ತು. "ಅದಾ ನಂದು?" ಎಂದು ಕೇಳಿದರು. ಬೂದು ಬಣ್ಣದ ಲಿವರು, ಅದರೊಳಗೆ ಕಪ್ಪಗೆ ಹರಿಯುವ ರಕ್ತನಾಳಗಳು, ಒಂದು ದೊಡ್ಡ ನಾಳದ ಮಗ್ಗುಲಲ್ಲಿ ಮಬ್ಬಾದ ಗುಂಡನೆಯ ಗೆಡ್ಡೆ. ಡಾಕ್ಟರು ಬೆರಳಿಟ್ಟು ತೋರಿಸಿದರು. ಸೂಜಿ ಬೆಳ್ಳಗೆ ಗೆರೆ ಎಳೆದಂತೆ ಪರದೆಯೊಳಗೆ ಇಳಿಯುತ್ತಾ ಬಂತು. ಚರ್ಮವನ್ನು ತೆರೆಯದೆ, ಹೊರಗೆ ನಿಂತು, ಬರೀ ಶಬ್ದದ ಅಲೆಯ ಬೆಳಕಿನಲ್ಲಿ ಒಬ್ಬರ ಕೈ ಇನ್ನೊಬ್ಬರ ಒಡಲೊಳಗೆ ದಾರಿ ಹುಡುಕುವುದನ್ನು ನಾನು ಎಷ್ಟು ಸಲ ಕಂಡಿದ್ದರೂ ಆ ಗಳಿಗೆಯಲ್ಲಿ ನನ್ನ ಉಸಿರೂ ನಿಲ್ಲುತ್ತದೆ.

"ಹಾಕು," ಎಂದರು ಡಾಕ್ಟರು. ನಾನು ಗುಂಡಿ ಒತ್ತಿದೆ.

ಮೊದಲು ಏನೂ ಕಾಣಲಿಲ್ಲ. ಆಮೇಲೆ ಸೂಜಿಯ ತುದಿಯಲ್ಲಿ ಒಂದು ಬಿಳಿ ಚುಕ್ಕೆ ಎದ್ದಿತು. ಚುಕ್ಕೆ ಹತ್ತಾಯಿತು, ನೂರಾಯಿತು. ಗೆಡ್ಡೆಯೊಳಗಿನ ನೀರು ಕಾದು ಎದ್ದ ಗುಳ್ಳೆಗಳು ಅವು. ನೋಡುತ್ತಿದ್ದಂತೆ ಗೆಡ್ಡೆ ಬೆಳ್ಳಗೆ ಉಬ್ಬಿ, ಮೋಡದಂತೆ ಹರಡಿ, ಅಂಚನ್ನು ದಾಟತೊಡಗಿತು.

"ಉರಿ ತಗೀ!"

ಮರಿಯಯ್ಯನವರು ಕೂಗಿದ್ದರು. ಮಂಪರಿನಲ್ಲಿದ್ದ ಅವರಿಗೆ ಕೊಪ್ಪರಿಗೆ ಉಕ್ಕಿದಂತೆ ಕಂಡಿರಬೇಕು. ಅವರ ಬಲಗೈ ಎತ್ತಿಯೂ ಆಗಿತ್ತು, ಆಳಿಗೆ ಸನ್ನೆ ಮಾಡುವ ಹಾಗೆ. ಅದಕ್ಕಿಂತ ದೊಡ್ಡ ತಪ್ಪು ನನ್ನಿಂದ ಆಯಿತು. ಅವರ ಕೂಗು ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ಯಂತ್ರವನ್ನು ಆರಿಸಿಬಿಟ್ಟಿತ್ತು.

ಡಾಕ್ಟರ್ ಮಿಸ್ಬಾ ಸೂಜಿ ಹಿಡಿದ ಕೈ ಅಲುಗಿಸದೆ ತಲೆಯನ್ನಷ್ಟೇ ನನ್ನ ಕಡೆ ತಿರುಗಿಸಿದರು. "ಯಾರ್ ಹೇಳಿದ್ರು ನಿಂಗೆ ಆರ್ಸಕ್ಕೆ?"

"ಅವ್ರು..." ಎಂದೆ.

"ಇಲ್ಲಿ ಡಾಕ್ಟ್ರು ಯಾರಮ್ಮ, ನಾನಾ ಅವ್ರಾ?"

ನಾಚಿಕೆಗೆ ನನ್ನ ಕಿವಿ ಬಿಸಿಯಾಯಿತು. ನಮ್ಮ ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ. ಅಷ್ಟು ಓದಿಯೂ ಕೈ ಇನ್ನೂ ಅಪ್ಪನ ಒಲೆಯ ಮುಂದೆಯೇ ಇತ್ತು. ಅಷ್ಟರಲ್ಲಿ ಮರಿಯಯ್ಯನವರಿಗೆ ಮಂಪರು ತಿಳಿಯಾಗಿತ್ತು. "ಆ ಮಗೀನ ಬಯ್ಬ್ಯಾಡಿ ಕಣವ್ವ. ತಪ್ಪು ನಂದು. ಉಕ್ಕಿಬಿಡ್ತು ಅನ್ಕಂಡೆ."

ಸೂಜಿ ಇದ್ದಲ್ಲೇ ಇತ್ತು. ಡಾಕ್ಟರು ಅದನ್ನು ಪರದೆಯಲ್ಲಿ ಎರಡೆರಡು ಸಲ ನೋಡಿ ಖಚಿತ ಮಾಡಿಕೊಂಡರು. ಮತ್ತೆ ಹಾಕು ಎಂದರು. ಒತ್ತಿದೆ. ಈ ಸಲ ಅವರೇ ಆರಿಸು ಎನ್ನುವ ತನಕ ನಾನು ಗುಂಡಿಯಿಂದ ಕೈಯನ್ನು ದೂರವೇ ಇಟ್ಟಿದ್ದೆ. ಬಿಳಿ ಮೋಡ ಗೆಡ್ಡೆಯನ್ನು ಪೂರ್ತಿ ಮುಚ್ಚಿತು. ಅದರ ಹಿಂದಿನದೆಲ್ಲ ನೆರಳು ಕವಿದು ಕಾಣದಾಯಿತು. ಅವಧಿ ಮುಗಿದು ಯಂತ್ರ ಆರಿಸಿದಾಗ ನಾನು, "ಪೂರ್ತಿ ಬೆಳ್ಳಗಾಗಿದೆ, ಬೆಂದಿದೆ ಅಲ್ವಾ ಮೇಡಂ?" ಎಂದೆ.

ಅದಕ್ಕೆ ಉತ್ತರ ಬಂದದ್ದು ಮಂಚದ ಮೇಲಿನಿಂದ. "ನೊರೆ ನೋಡಿ ಬೆಂದದೆ ಅಂತ ಏಳಬ್ಯಾಡ ಕಣವ್ವ. ನೊರೆ ಸುಳ್ಳು ಏಳ್ತದೆ. ಮೊದ್ಲು ಅದು ಇಳೀಲಿ."

ಡಾಕ್ಟರ್ ಮಿಸ್ಬಾ ತಟ್ಟನೆ ಅವರತ್ತ ನೋಡಿದರು. "ಏನಂದ್ರಿ, ಯಜಮಾನ್ರೇ?"

"ನಾನು ಇಪ್ಪತ್ತರ ಉಡ್ಗ ಆಗಿದ್ದಾಗ ಒಂದ್ ಕೊಪ್ಪರಿಗೆ ಕೆಡಿಸ್ಬುಟ್ಟೆ. ನೊರೆ ತುಂಬಿ ಅಳದಿಗೆ ತಿರುಗ್ತು, ಪಾಕ ಬಂತು ಅಂತ ಇಳಿಸ್ದೆ. ತಳದಾಗೆ ಇನ್ನೂ ಕಬ್ಬಿನಾಲು ಆಲಾಗೇ ಇತ್ತು. ಅಚ್ಚಿಂದ ನೀರಂಗೆ ಅರ್ದೋಯ್ತು. ಒಂದ್ ಅಚ್ಚೂ ಗಟ್ಟಿಯಾಗಿ ಕಟ್ಟನಿಲ್ಲ. ಆವತ್ತಿಂದ ನೊರೆ ಇಳಿದ ಮೇಲೇ ಬೆರಳಿಗ್ ತಕಂಡು ನೋಡಾದು."

ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು: "ನಮ್ಮ ಪ್ರೊಫೆಸರ್ ಇದನ್ನೇ ಹೇಳ್ಕೊಡ್ತಾ ಇದ್ರು. ಬಿಳಿ ಮೋಡ ಬೆಂದ ಜಾಗದ ಅಳತೆ ಅಲ್ಲ, ಅದು ಗುಳ್ಳೆ ಅಷ್ಟೇ. ನಂಬಿದ್ರೆ ಕೆಟ್ವಿ. ನಾನು ಅದನ್ನ ಕಲಿಯಕ್ಕೆ ಹನ್ನೊಂದು ವರ್ಷ ಓದಿದೀನಿ ಕಣೇ."

ಕಾಲು ಗಂಟೆ ಕಾದೆವು. ಪರದೆಯ ಮೋಡ ನಿಧಾನವಾಗಿ ತೆಳುವಾಯಿತು. ಆಮೇಲೆ ಡಾಕ್ಟರು ಕೈಯ ನರಕ್ಕೆ ಒಂದು ಔಷಧ ಕೊಡಿಸಿದರು. ಅದರೊಳಗಿರುವುದೂ ಗುಳ್ಳೆಗಳೇ, ರಕ್ತದ ಕಣದಷ್ಟು ಚಿಕ್ಕವು ಎಂದು ಮರಿಯಯ್ಯನವರಿಗೆ ಹೇಳಿದರು. ರಕ್ತ ಹರಿಯುವ ಕಡೆಯೆಲ್ಲ ಅವು ಹೋಗಿ ಪರದೆಯಲ್ಲಿ ಹೊಳೆಯುತ್ತವೆ. ಬೆಂದು ಸತ್ತ ಜಾಗಕ್ಕೆ ರಕ್ತ ಹೋಗದು, ಅದು ಕಪ್ಪಗೇ ಉಳಿಯುತ್ತದೆ.

"ಗುಳ್ಳೆ ಸುಳ್ಳ ಕಂಡಿಡಿಯಕೆ ಇನ್ನೊಂದು ಗುಳ್ಳೆಯಾ?" ಎಂದರು ಮರಿಯಯ್ಯನವರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ದೊಡ್ಡ ಕಸುಬುದಾರನೊಬ್ಬ ಇನ್ನೊಬ್ಬರ ಕಸುಬಿನ ಮುಂದೆ ನಿಂತು ಆಡಿದ ಮಾತು ಅದು.

ಇಡೀ ಲಿವರು ಹೊಳೆಯಿತು, ಮುಂಗಾರಿನ ಮೊದಲ ಮಿಂಚಿಗೆ ಗದ್ದೆ ಬಯಲು ಒಮ್ಮೆಗೇ ಕಂಡ ಹಾಗೆ. ನಡುವೆ ಕಪ್ಪನೆಯ ಕುಳಿ. ಆದರೆ ಕುಳಿಯ ಒಂದು ಅಂಚಿನಲ್ಲಿ, ಆ ದೊಡ್ಡ ರಕ್ತನಾಳದ ಕಡೆಗೆ, ಬಿದಿಗೆ ಚಂದ್ರನಂಥ ಸಣ್ಣದೊಂದು ಗೆರೆ ಇನ್ನೂ ಮಿನುಗುತ್ತಿತ್ತು.

"ಹಸಿ ಉಳಿದಿದೆ," ಎಂದರು ಡಾಕ್ಟರು. "ಪಕ್ಕದಲ್ಲಿ ರಕ್ತ ಹರಿತಾ ಇದೆಯಲ್ಲ, ಅದು ಕಾವು ಹೊತ್ಕೊಂಡು ಹೋಗ್ಬಿಡ್ತದೆ."

"ಗಾಳಿ ಬೀಸೋ ಕಡೆ ಕೊಪ್ಪರಿಗೆ ಬೇಗ ಕಾಯಕಿಲ್ಲ," ಎಂದರು ಮರಿಯಯ್ಯನವರು. "ಆ ಕಡೀಕೆ ಒಂದೀಟು ಜಾಸ್ತಿ ಉರಿ ಆಕ್ಬೇಕು."

"ಹಾಕೋಣ, ಯಜಮಾನ್ರೇ. ಉಸಿರು ಹಿಡ್ಕೊಳಿ. ಈ ಸಲ ಏನ್ ಕಂಡ್ರೂ ಕೂಗಂಗಿಲ್ಲ."

"ಬಾಯ್ಗೆ ಬಟ್ಟೆ ತುರುಕ್ಬುಡಿ ಬೇಕಾರೆ."

ಸೂಜಿಯನ್ನು ತುಸು ಹಿಂದಕ್ಕೆ ಎಳೆದು, ಓರೆ ಮಾಡಿ, ನಾಳದ ಮಗ್ಗುಲಿಗೆ ಇಳಿಸಿದರು. ಮತ್ತೆ ಬಿಳಿ ಮೋಡ ಎದ್ದಾಗ ಮರಿಯಯ್ಯನವರ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಒಳಗೆ ಕಾವು ತಾಗುತ್ತಿತ್ತೇನೋ. ಅವರು ಕಣ್ಣು ಮಾತ್ರ ಮುಚ್ಚಲಿಲ್ಲ. ತಮ್ಮದೇ ಒಡಲಿನಲ್ಲಿ ಏಳುವ ನೊರೆಯನ್ನು, ನಲವತ್ತೇಳು ವರ್ಷ ಕೊಪ್ಪರಿಗೆ ನೋಡಿದ ಅದೇ ಕಣ್ಣಿನಿಂದ, ತುಟಿ ಬಿಗಿದು ನೋಡುತ್ತಿದ್ದರು.

ಒಂದು ತಿಂಗಳ ಬಳಿಕ ಗಂಡ ಹೆಂಡತಿ ಮತ್ತೆ ಬಂದರು. ಇಂದ್ರಮ್ಮನವರ ಬ್ಯಾಗಿನಲ್ಲಿ ಇದು ಕುಡಿತದಿಂದ ಬಂದದ್ದಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಗೇ ಇತ್ತು. ಬಾಗಿಲಿಗೆ ಅಂಟಿಸಿರಲಿಲ್ಲ. "ಒಬ್ಬೊಬ್ರಿಗೂ ಕೈಲಿಟ್ಟು ಓದಿಸ್ದೆ ಕಣವ್ವ," ಎಂದರು. ಅದನ್ನು ಮತ್ತೆ ಬ್ಯಾಗಿಗೆ ಹಾಕಿ, ಬ್ಯಾಗನ್ನು ಎದೆಗೆ ಅವುಚಿಕೊಂಡರು.

ಸಿ.ಟಿ. ಸ್ಕ್ಯಾನಿನ ಚಿತ್ರಗಳನ್ನು ಡಾಕ್ಟರ್ ಮಿಸ್ಬಾ ಒಂದೊಂದಾಗಿ ಸರಿಸಿದರು. ಕಪ್ಪನೆಯ ಕುಳಿ ದೊಡ್ಡದಾಗಿ, ದುಂಡಗೆ, ಅಂಚು ನುಣುಪಾಗಿ ಕಂಡಿತು. ರಕ್ತನಾಳದ ಕಡೆಗೆ ಅವರು ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿದರು. ಮಿನುಗುವ ಗೆರೆ ಎಲ್ಲೂ ಇರಲಿಲ್ಲ.

ಮರಿಯಯ್ಯನವರು ಪರದೆಯ ಹತ್ತಿರಕ್ಕೆ ಬಾಗಿದರು. ಹೆಬ್ಬೆರಳು ತೋರುಬೆರಳುಗಳನ್ನು ಮೆಲ್ಲಗೆ ಉಜ್ಜುತ್ತಾ ನಿಂತರು, ಪಾಕ ನೋಡುವಾಗ ಮಾಡುವಂತೆ.

"ಕಟ್ಕಂಡದಾ, ಡಾಕ್ಟ್ರವ್ವ?"

ಡಾಕ್ಟರ್ ಮಿಸ್ಬಾ ಅವಸರ ಮಾಡಲಿಲ್ಲ. ಕೊನೆಯ ಚಿತ್ರದವರೆಗೂ ಹೋಗಿ, ತಿರುಗಿ ಬಂದು, ಆಮೇಲೆ ಹೇಳಿದರು: "ಕಟ್ಟಿದೆ, ಯಜಮಾನ್ರೇ. ಮೂರ್ ತಿಂಗ್ಳಿಗೊಂದ್ಸಲ ಬಂದು ತೋರ್ಸ್ಕೊಂಡು ಹೋಗ್ಬೇಕು. ಆದ್ರೆ ಇದು ಕಟ್ಟಿದೆ."

ಇಂದ್ರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮರಿಯಯ್ಯನವರು ಇನ್ನೂ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಆಲೆಮನೆಯ ಒಳ್ಳೆಯ ಆಳಿಗೆ ಹೇಳುವ ದನಿಯಲ್ಲಿ, "ಉರಿ ತಗದ್ಬುಡು ಮಗ ಈಗ," ಎಂದರು.

ನಾನು ಡಾಕ್ಟರ ಮುಖ ನೋಡಿದೆ. ಅವರು ತಲೆಯಾಡಿಸಿದ ಮೇಲೆ ಪರದೆ ಆರಿಸಿದೆ.